ಶಾವಿಗೆ ಕಾಯುವುದಿಲ್ಲ



ಇವತ್ತು ಊಟದ ಮಾತು. ಎಳೆ ಎಳೆಯಾಗಿ ಬಡಿಸುವ ಊಟದ ಮಾತು. ಪೇಟೆಯ ಹೋಟೆಲಿನಲ್ಲಿ ಅದು ನೂಡಲ್ಸ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಲ್ಲಿ ಅದು ಒತ್ತು ಶಾವಿಗೆ. ಒಂದು ಮೈದಾದ್ದು, ಇನ್ನೊಂದು ಅಕ್ಕಿಯದು. ಹದವಾಗಿ, ಬಿಸಿಯಾಗಿ ಸಿಕ್ಕರೆ ಎರಡೂ ರುಚಿ. ಆದರೆ ಹೋಟೆಲಿನ ತಟ್ಟೆಯಲ್ಲಿ ಇವು ಬಹಳ ಸಲ ನಿರಾಸೆ ಮಾಡುತ್ತವೆ. ದುಡ್ಡು ಕೊಟ್ಟು, ಹಸಿದು ಕೂತವರಿಗೆ ಹೀಗೆ ಯಾಕಾಗುತ್ತದೆ? ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಬೆಂಗಳೂರಿಗೆ ಮಕ್ಕಳನ್ನು ಕಳಿಸದ ಮನೆ ಹುಡುಕಿದರೂ ಸಿಗುವುದು ಕಷ್ಟ. ಮಕ್ಕಳ ಮನೆಗೆ ಹೋದರೆ ಅವರು ಪ್ರೀತಿಯಿಂದ ಒಂದು ದಿನ ಹೊರಗೆ ಊಟಕ್ಕೆ ಕರೆದುಕೊಂಡು ಹೋಗುತ್ತಾರೆ. ನನ್ನ ತಂಗಿಯ ಮಗಳೂ ಹಾಗೆ ನನ್ನನ್ನು ಕರೆದುಕೊಂಡು ಹೋದಳು. ನೂಡಲ್ಸ್‌ಗೇ ಹೆಸರಾದ ಹೋಟೆಲು. ಊರೂರಲ್ಲಿ ಶಾಖೆಗಳು. ಹೆಸರು ಹೇಳುವುದು ಬೇಡ. ಬಾಗಿಲಲ್ಲಿ ಜನ ಸಾಲು ನಿಂತಿದ್ದರು. "ದೊಡ್ಡಮ್ಮ, ಇಲ್ಲಿ ಜಾಗ ಸಿಗೋದೇ ಕಷ್ಟ" ಅಂದಳು. ಅಷ್ಟು ಜನ ಮೆಚ್ಚಿದ ಜಾಗ ಎಂದರೆ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತು.

ದೊಡ್ಡ ಬಟ್ಟಲು ಬಂತು. ಮೇಲೆ ಹಬೆ ಏಳುತ್ತಿತ್ತು. ಒಳಗಿನ ಸಾರು ನಾಲಿಗೆ ಸುಡುವಷ್ಟು ಬಿಸಿ. ಎಳೆ ಎತ್ತಲು ಹೋದರೆ ಒಂದು ಎಳೆ ಬರಲಿಲ್ಲ, ಇಡೀ ಗಂಟೇ ಮೇಲೆ ಬಂತು. ಗಂಟಿನ ನಡುವೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಕಚ್ಚಿದರೆ ಹೊರಗೆ ಲೋಳೆ, ಒಳಗೆ ಗಟ್ಟಿ. ಉಪ್ಪು, ಹುಳಿ, ಖಾರ ಎಲ್ಲ ಸಾರಿನಲ್ಲೇ ಉಳಿದಿದ್ದವು. ಎಳೆಗೆ ಒಂದು ಹನಿಯೂ ಹತ್ತಿರಲಿಲ್ಲ. ಮುಂದೆ ಇನ್ನೊಮ್ಮೆ ಹೋದಾಗ ಅದೇ ಹೋಟೆಲಿನ ಬೇರೆ ಶಾಖೆಗೆ ಹೋದೆವು. ಊರಿನ ಇನ್ನೊಂದು ತುದಿ. ಬಡಿಸುವ ಹುಡುಗರು ಬೇರೆ, ಅಡಿಗೆಯವರು ಬೇರೆ. ಅಲ್ಲಿಯೂ ಅದೇ ಗಂಟು. ಹುಡುಗಿ ಪಾಪ ಸಂಕೋಚಪಟ್ಟಳು. ತಪ್ಪು ಅವಳದಲ್ಲ. ಆ ಒಲೆಯ ಮುಂದೆ ನಿಂತ ಹುಡುಗನದೂ ಅಲ್ಲ ಎಂದೇ ನನ್ನ ಅಭಿಪ್ರಾಯ. ಎರಡು ಅಡಿಗೆಮನೆಗಳಲ್ಲಿ ಒಂದೇ ಕುಂದು ಬಂದರೆ ಕಾರಣ ಕೈಯಲ್ಲಿ ಇರುವುದಿಲ್ಲ, ಅಡಿಗೆಯ ವ್ಯವಸ್ಥೆಯಲ್ಲಿ ಇರುತ್ತದೆ.

ಆ ವ್ಯವಸ್ಥೆ ಏನು? ಸಾವಿರಾರು ಜನಕ್ಕೆ, ಹತ್ತಾರು ಕಡೆ, ಒಂದೇ ರುಚಿಯನ್ನು ಬೇಗ ಕೊಡಬೇಕು. ಹಾಗಾಗಿ ಇಂಥ ದೊಡ್ಡ ಅಡಿಗೆಮನೆಗಳಲ್ಲಿ ನೂಡಲ್ಸ್ ಅನ್ನು ಮೊದಲೇ ಮುಕ್ಕಾಲು ಬೇಯಿಸುತ್ತಾರೆ. ತಣ್ಣೀರು ಹೊಯ್ದು, ಎಣ್ಣೆ ಸವರಿ, ಒಂದೊಂದು ಪಾಲು ಅಳೆದು ಫ್ರಿಜ್‌ನಲ್ಲಿ ಇಡುತ್ತಾರೆ. ಗಿರಾಕಿ ಕೇಳಿದಾಗ ಬಿಸಿನೀರಿಗೆ ಅದ್ದಿ, ಇಲ್ಲವೆ ಬಾಣಲೆಗೆ ಹಾಕಿ ಕೊಡುತ್ತಾರೆ. ಎಚ್ಚರದಿಂದ ಮಾಡಿದರೆ ಇದೂ ತಕ್ಕಮಟ್ಟಿಗೆ ಚೆನ್ನಾಗಿರುತ್ತದೆ. ಜನ ನುಗ್ಗಿದ ಹೊತ್ತಿನಲ್ಲಿ ಆ ಎಚ್ಚರ ತಪ್ಪುತ್ತದೆ. ಬಿಸಿ ಗಂಟಿನ ಒಳಗೆ ತಲುಪುವ ಮೊದಲೇ ಬಟ್ಟಲು ಹೊರಗೆ ಬರುತ್ತದೆ.

ಹಿಟ್ಟಿನ ಒಳಗೆ ನಡೆಯುವುದನ್ನು ಒಂದಿಷ್ಟು ಹೇಳುತ್ತೇನೆ. ಅಕ್ಕಿಯಲ್ಲಿ, ಗೋಧಿಯಲ್ಲಿ ಮುಖ್ಯವಾಗಿ ಇರುವುದು ಪಿಷ್ಟ. ಅದು ಸಣ್ಣ ಸಣ್ಣ ಕಣಗಳಾಗಿರುತ್ತದೆ. ನೀರು ಹಾಕಿ ಬಿಸಿ ಮಾಡಿದರೆ, ಸುಮಾರು 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಆ ಕಣಗಳು ನೀರು ಕುಡಿದು ಉಬ್ಬುತ್ತವೆ. ಮೆತ್ತಗಾಗುತ್ತವೆ. ನಾವು ಬೆಂದಿತು ಅನ್ನುವುದು ಅದಕ್ಕೇ. ತಣ್ಣಗಾಗುತ್ತ ಬಂದ ಹಾಗೆ ಪಿಷ್ಟದ ಉದ್ದನೆಯ ಸರಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗಿನ ನೀರನ್ನು ಹೊರಗೆ ದೂಡುತ್ತವೆ. ಗಟ್ಟಿಯಾಗುತ್ತವೆ. ರಾತ್ರಿಯ ಅನ್ನ ಬೆಳಗ್ಗೆ ಬಿರುಸಾಗುವುದು ಹೀಗೆ. ಫ್ರಿಜ್‌ನ ಒಳಗೆ, ಅಂದರೆ ನಾಲ್ಕೈದು ಡಿಗ್ರಿಯಲ್ಲಿ, ಈ ಬಿರುಸಾಗುವ ಕೆಲಸ ಎಲ್ಲಕ್ಕಿಂತ ವೇಗವಾಗಿ ನಡೆಯುತ್ತದೆ. ಕೆಡಬಾರದು ಎಂದು ಇಟ್ಟ ಜಾಗವೇ ಅದರ ಮೆದುತನ ಕಳೆಯುತ್ತದೆ. ಮತ್ತೆ ಬಿಸಿ ಮಾಡಿದರೆ ಸ್ವಲ್ಪ ಮೆತ್ತಗಾಗುತ್ತದೆ, ನಿಜ. ಮೊದಲಿನ ಹದ ಪೂರ್ತಿ ಮರಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹೋಟೆಲಿನ ನೂಡಲ್ಸ್ ನಿರಾಸೆ ಮಾಡುವುದು ಅದನ್ನು ಬೇಯಿಸಿ ಬಹಳ ಹೊತ್ತು ಇಟ್ಟದ್ದರಿಂದ. ಬೆಂದ, ನೀರಿರುವ ಎಳೆ ಕಾಯುವುದಿಲ್ಲ.

ಹಾಗಾದರೆ ಕಾಯುವ ಎಳೆ ಇಲ್ಲವೆ? ಇದೆ. ಅದರ ನೀರು ತೆಗೆಯಬೇಕು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೇಸಗೆಯಲ್ಲಿ ಗೋಧಿ ಶಾವಿಗೆ ಹೊಸೆದು, ಕೋಲಿನ ಮೇಲೆ ಬಿಸಿಲಿಗೆ ಹಾಕುತ್ತಾರೆ. ಅದು ವರ್ಷವಿಡೀ ಬಾಳುತ್ತದೆ. ಜಪಾನಿನಲ್ಲಿ ಮೊಮೊಫುಕು ಆಂಡೊ ಎಂಬವರು 1958ರಲ್ಲಿ ಬೆಂದ ನೂಡಲ್ಸ್ ಅನ್ನು ಎಣ್ಣೆಯಲ್ಲಿ ಕರಿದು ನೀರು ಓಡಿಸಿದರು. ಪೊಟ್ಟಣದ ನೂಡಲ್ಸ್ ಹುಟ್ಟಿದ್ದು ಹಾಗೆ. ನಮ್ಮ ದೇಶಕ್ಕೆ ಮ್ಯಾಗಿ ಬಂದದ್ದು 1983ರಲ್ಲಿ. ಎರಡೇ ನಿಮಿಷದಲ್ಲಿ ಸಿದ್ಧ ಎಂಬ ಮಾತು ನಮ್ಮ ಮಕ್ಕಳ ಬಾಯಿಗೆ ಬಂದದ್ದೂ ಆಗಲೇ. ಇವೆಲ್ಲ ಒಣಗಿದ ಎಳೆಗಳು. ಅವುಗಳ ದಾರಿ ಬೇರೆ.

ನಮ್ಮ ಮಲೆನಾಡಿಗೆ ಆ ದಾರಿ ಒದಗಲಿಲ್ಲ. ಜೂನ್‌ನಿಂದ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರು ನಮ್ಮದು. ಇಲ್ಲಿ ಬೆಳೆಯುವುದು ಗೋಧಿಯಲ್ಲ, ಭತ್ತ. ನಮ್ಮ ಹಿರಿಯರು ಒಣಗಿಸುವ ಯೋಚನೆಯನ್ನೇ ಬಿಟ್ಟರು. ಒತ್ತಿದ ಕೂಡಲೇ ಉಣ್ಣುವ ಶಾವಿಗೆ ಮಾಡಿಕೊಂಡರು. ಅದನ್ನು ಮಾಡುವ ಬಗೆ ಈ ಮೂರು ತಾಲ್ಲೂಕಿನ ಕೇಳುಗರಿಗೆ ಗೊತ್ತೇ ಇದೆ. ದೂರದ ಕೇಳುಗರಿಗಾಗಿ, ಊರು ಬಿಟ್ಟ ಮಕ್ಕಳಿಗಾಗಿ ಹೇಳುತ್ತೇನೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ದೋಸೆ ಅಕ್ಕಿ ತೆಗೆದುಕೊಳ್ಳಬೇಕು. ಹಳೆಯದಾದರೆ ಒಳ್ಳೆಯದು. ರಾತ್ರಿ ನೆನೆಹಾಕಿ, ಬೆಳಗ್ಗೆ ನುಣ್ಣಗೆ ರುಬ್ಬಬೇಕು. ಬೆರಳ ನಡುವೆ ತಿಕ್ಕಿದರೆ ತರಿ ಸಿಗಬಾರದು. ತರಿ ಉಳಿದರೆ ಮುಂದೆ ಶಾವಿಗೆ ಒರಳಿನ ತೂತು ಕಟ್ಟುತ್ತದೆ. ಕೆಲವರು ರುಬ್ಬುವಾಗ ಒಂದು ಹಿಡಿ ಕಾಯಿತುರಿ ಹಾಕುತ್ತಾರೆ. ಉಪ್ಪು ಹಾಕಿ, ನೀರು ಮಾಡಿ, ದಪ್ಪ ಬಾಣಲೆಯಲ್ಲಿ ಒಲೆಯ ಮೇಲಿಟ್ಟು ತೊಳಸಬೇಕು. ಕೈ ನಿಲ್ಲಿಸುವ ಹಾಗಿಲ್ಲ. ಮೊದಲು ಗಂಜಿಯ ಹಾಗಿದ್ದದ್ದು ನೋಡನೋಡುತ್ತ ಗಟ್ಟಿಯಾಗಿ ಬಾಣಲೆ ಬಿಟ್ಟು ಬರುತ್ತದೆ. ಆಗ ಇಳಿಸಿ, ಕೈಗೆ ನೀರು ಮುಟ್ಟಿಸಿಕೊಂಡು, ಸುಡುಸುಡುವಾಗಲೇ ಉಂಡೆ ಕಟ್ಟಬೇಕು. ಆ ಉಂಡೆಗಳನ್ನು ಹಬೆಯಲ್ಲಿ ಮತ್ತೆ ಬೇಯಿಸಬೇಕು. ಕುದಿಯುವ ನೀರಿಗೆ ಬಿಟ್ಟು ಬೇಯಿಸುವ ಮನೆಗಳೂ ಇವೆ.

ಇನ್ನು ಒತ್ತುವುದು. ಶಾವಿಗೆ ಒರಳು ಎಂದರೆ ಮೂರು ಕಾಲಿನ ಮೇಲೆ ನಿಂತ ಸಾಧನ. ನಡುವೆ ಹಿತ್ತಾಳೆಯ ಕೊಳವೆ, ಕೊಳವೆಯ ತಳದಲ್ಲಿ ಸಣ್ಣ ತೂತುಗಳ ಬಿಲ್ಲೆ. ಮೇಲಿನಿಂದ ಒತ್ತಲು ಉದ್ದನೆಯ ಹಿಡಿ, ಕೆಲವದರಲ್ಲಿ ತಿರುಪು. ಉಂಡೆಯನ್ನು ಹಬೆಯಿಂದ ತೆಗೆದು ನೇರ ಕೊಳವೆಗೆ ಹಾಕಬೇಕು. ಒಬ್ಬರು ಮೈಭಾರವನ್ನೆಲ್ಲ ಹಾಕಿ ಹಿಡಿಯನ್ನು ಒತ್ತುತ್ತಾರೆ. ಇನ್ನೊಬ್ಬರು ಕೆಳಗೆ ಬಾಳೆ ಎಲೆ ಹಿಡಿದು, ಇಳಿಯುವ ಎಳೆಗಳನ್ನು ಸುತ್ತುಸುತ್ತಾಗಿ ತುಂಬಿಕೊಳ್ಳುತ್ತಾರೆ. ಮೂರನೆಯವರು ಒಲೆಯ ಹತ್ತಿರ. ಉಂಡೆ ಆರಿದರೆ ಹಿಡಿ ಕೆಳಗಿಳಿಯುವುದಿಲ್ಲ. ಅಕ್ಕಿಯಲ್ಲಿ ಗೋಧಿಯ ಅಂಟು ಇಲ್ಲ. ಗೋಧಿ ಹಿಟ್ಟಿನ ಗ್ಲುಟೆನ್ ಎಳೆಯನ್ನು ಹಿಡಿದು ನಿಲ್ಲಿಸುತ್ತದೆ. ಅಕ್ಕಿಯ ಎಳೆಗೆ ಇರುವ ಆಧಾರ ಬೆಂದ ಪಿಷ್ಟ ಒಂದೇ. ಅದಕ್ಕೇ ಈ ಎರಡು ಸಲದ ಬೇಯಿಸುವಿಕೆ, ಅದಕ್ಕೇ ಈ ಅವಸರ.

ಉಣ್ಣುವ ಬಗೆಯೂ ಅಷ್ಟೇ ಹಿತ. ಕಾಯಿ ರುಬ್ಬಿ ಹಾಲು ಹಿಂಡಿ, ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು ಒಂದು. ಮಾವಿನ ಹಣ್ಣಿನ ಕಾಲದಲ್ಲಿ ರಸಾಯನ ಇನ್ನೊಂದು. ಮಾಂಸ ಉಣ್ಣುವ ಮನೆಗಳಲ್ಲಿ ಕೋಳಿ ಸಾರು. ಹಬ್ಬಕ್ಕೆ ಬಂದ ಅಳಿಯನಿಗೆ ಶಾವಿಗೆ, ಕೋಳಿ ಸಾರು ಮಾಡದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ಆ ಸಾರು ಎಳೆಗಳ ನಡುವೆ ಇಳಿದು ನಿಲ್ಲುತ್ತದೆ. ಬೆಂಗಳೂರಿನ ಆ ಬಟ್ಟಲಿನಲ್ಲಿ ಇಲ್ಲದಿದ್ದದ್ದು ಇದೇ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಪೇಟೆಯ ನೂಡಲ್ಸ್ ಕೆಟ್ಟದ್ದು ಬೇಯಿಸಿ ಇಟ್ಟದ್ದರಿಂದ ಎಂದೆವು. ನಮ್ಮ ಶಾವಿಗೆ ಒತ್ತಿದ ಕೂಡಲೇ ಉಣ್ಣುವಂಥದ್ದು ಎಂದೆವು. ಹಾಗಿದ್ದರೆ ನಮ್ಮ ಊರಿನ ಹೋಟೆಲುಗಳಲ್ಲಿ ಒಳ್ಳೆಯ ಶಾವಿಗೆ ಸಿಗಬೇಕಲ್ಲ? ಸಿಗುವುದು ಅಪರೂಪ. ಶೃಂಗೇರಿಗೆ ಬಂದ ಯಾತ್ರಿಕರು ಮಲೆನಾಡಿನ ತಿಂಡಿ ಕೇಳುತ್ತಾರೆ. ಬಹಳ ಕಡೆ ಸಿಗುವುದು ಇಡ್ಲಿ, ವಡೆ, ಪೂರಿ, ದೋಸೆ. ಸಂಜೆಯಾದರೆ ಗೋಬಿ ಮಂಚೂರಿ, ಫ್ರೈಡ್ ರೈಸ್, ನೂಡಲ್ಸ್. ಅಪ್ಪಿತಪ್ಪಿ ಶಾವಿಗೆ ಇದೆ ಎಂದರೆ ಅದು ಬೆಳಗಿನ ಜಾವ ಒತ್ತಿ, ಹನ್ನೊಂದು ಗಂಟೆಗೆ ಒಗ್ಗರಣೆ ಹಾಕಿ ಕೊಟ್ಟ ಚಿತ್ರಾನ್ನದಂಥ ಶಾವಿಗೆ. ಹೊರಗಿನವರು ಅದನ್ನು ತಿಂದು, ಮಲೆನಾಡಿನ ಶಾವಿಗೆ ಇಷ್ಟೇನಾ ಅಂದುಕೊಂಡು ಬಸ್ಸು ಹತ್ತುತ್ತಾರೆ. ನನಗೆ ಬೆಂಗಳೂರಿನ ನಿರಾಸೆಗಿಂತ ಈ ನಿರಾಸೆ ಹೆಚ್ಚು ನೋಯಿಸುತ್ತದೆ.

ಇದಕ್ಕೂ ಹೋಟೆಲಿನವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಡೆಯ ಹೋಟೆಲುಗಳು ಬೆಳೆದದ್ದು ಬಸ್ ನಿಲ್ದಾಣದ ಸುತ್ತ. ಕೊಪ್ಪದ ಸಹಕಾರ ಸಾರಿಗೆಯನ್ನು ನೆನಪು ಮಾಡಿಕೊಳ್ಳಿ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಬಸ್ ಸಂಸ್ಥೆ ಅದು. 2020ರಲ್ಲಿ ನಿಂತುಹೋಯಿತು. ಸುಮಾರು ಮೂವತ್ತು ವರ್ಷ ಮಲೆನಾಡಿನ ಮೂಲೆಮೂಲೆಗೆ ಅದರ ಬಸ್ಸುಗಳು ಓಡಿದವು. ಬಸ್ಸು ನಿಂತರೆ ಹತ್ತು ನಿಮಿಷ. ಅಷ್ಟರಲ್ಲಿ ಕೈ ತೊಳೆದು, ತಿಂಡಿ ತಿಂದು, ಕಾಫಿ ಕುಡಿದು, ದುಡ್ಡು ಕೊಟ್ಟು ಮತ್ತೆ ಹತ್ತಬೇಕು. ಇಡ್ಲಿ ಅದಕ್ಕೆ ಒಗ್ಗುತ್ತದೆ. ಹಬೆಯ ಪಾತ್ರೆಯಲ್ಲಿ ಅರ್ಧ ಗಂಟೆ ಇದ್ದರೂ ಇಡ್ಲಿ ಇಡ್ಲಿಯೇ. ಶಾವಿಗೆ ಒತ್ತಲು ಮೂರು ಜನ ಬೇಕು, ಹೊತ್ತು ಬೇಕು, ಉಣ್ಣುವವರು ಎದುರಿಗೆ ಕೂತಿರಬೇಕು. ಬಸ್ಸಿನ ಹೊತ್ತಿಗೂ ಶಾವಿಗೆಯ ಹೊತ್ತಿಗೂ ತಾಳೆಯಾಗಲಿಲ್ಲ.

ಹೊತ್ತಿನ ಹಾಗೆ ಉಣ್ಣುವವರ ಲೆಕ್ಕವೂ ತಾಳೆಯಾಗಬೇಕು. ಶೃಂಗೇರಿ ಮಠದ ಭೋಜನಶಾಲೆಯಲ್ಲಿ ದಿನವೂ ಸಾವಿರಾರು ಜನ ಉಣ್ಣುತ್ತಾರೆ. ಅಲ್ಲಿ ಪಂಕ್ತಿಯಲ್ಲಿ ಕೂತವರಿಗೆ ಅನ್ನ ಬಿಸಿಯಾಗಿ ಬರುತ್ತದೆ, ಸಾರು ಬಿಸಿಯಾಗಿ ಬರುತ್ತದೆ. ಸಾವಿರ ಜನಕ್ಕೆ ಯಾವ ಅಡಿಗೆ ಹೊಂದುತ್ತದೆ ಎಂದು ತಿಳಿದು ಮಾಡಿದ ಊಟ ಅದು. ಉಂಡೆದ್ದವರು ತೃಪ್ತಿಯಿಂದ ಏಳುತ್ತಾರೆ. ಶಾವಿಗೆ ಹತ್ತು ಜನದ ಅಡಿಗೆ. ಹತ್ತು ಜನದ ಅಡಿಗೆಯನ್ನು ಸಾವಿರ ಜನಕ್ಕೆ ಮಾಡಲು ಹೊರಟರೆ ಬೆಂಗಳೂರಿನ ಆ ಬಟ್ಟಲು ಆಗುತ್ತದೆ.

ಸಂಜೆಯ ಗೋಬಿ, ನೂಡಲ್ಸ್ ಮಾತು ಬಂತಲ್ಲ, ಅವನ್ನು ಮಾರುವ ಗಾಡಿಗಳ ಬಗ್ಗೆಯೂ ಒಂದು ಮಾತು ಹೇಳಿ ಮುಗಿಸುತ್ತೇನೆ. ದೊಡ್ಡ ಉರಿಯ ಮೇಲೆ, ಕಣ್ಣೆದುರೇ ಬಾಣಲೆ ಆಡಿಸಿ ಕೊಡುವ ಗಾಡಿಯ ನೂಡಲ್ಸ್ ಎಷ್ಟೋ ಸಲ ಹೆಸರಾದ ಹೋಟೆಲಿಗಿಂತ ವಾಸಿ. ಯಾಕೆಂದರೆ ಬಾಣಲೆಯಿಂದ ಇಳಿದ ಮೇಲೆ ಅದು ಕಾಯುವುದಿಲ್ಲ. ಅಲ್ಲಿನ ತೊಂದರೆ ಬಣ್ಣದ್ದು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ ಸುಮಾರು 170 ಗೋಬಿ ಮಾದರಿಗಳಲ್ಲಿ ನೂರಕ್ಕೂ ಹೆಚ್ಚು ಮಾದರಿಗಳಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಮಕ್ಕಳಿಗೆ ಕೊಡಿಸುವ ತಾಯಂದಿರು ಕೆಂಪು ಹೊಳಪು ಕಂಡರೆ ಬಣ್ಣ ಹಾಕಿದ್ದೀರಾ ಎಂದು ಕೇಳಬೇಕು. ಕೇಳಲು ಸಂಕೋಚ ಬೇಡ.

ಇಲ್ಲಿಯವರೆಗೆ ಎರಡು ಮಾತು ಆಯಿತು. ಬೆಂದ ಎಳೆ ಕಾಯುವುದಿಲ್ಲ ಎಂಬುದು ಒಂದು. ನಮ್ಮ ಊರಿನ ಹೋಟೆಲಿಗೆ ಶಾವಿಗೆ ಬಾರದೆ ಇರಲು ಹೊತ್ತು, ಜನ ಎರಡೂ ಸಾಲದ್ದು ಕಾರಣ ಎಂಬುದು ಇನ್ನೊಂದು. ಇನ್ನು ದಾರಿ ಏನು? ಅದಕ್ಕೆ ನರಸಿಂಹರಾಜಪುರದ ಕಡೆ ಹೋಗೋಣ.

ಭದ್ರಾ ಹಿನ್ನೀರಿನ ಆ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಅವರು ರಬ್ಬರು ಹಾಕಿದರು, ಶುಂಠಿ ಬೆಳೆದರು, ಇಗರ್ಜಿ ಕಟ್ಟಿಕೊಂಡರು. ತಮ್ಮ ಇಡಿಯಪ್ಪವನ್ನೂ ತಂದರು. ಅದೂ ಅಕ್ಕಿಯ ಎಳೆಯೇ. ಮಾಡುವ ಬಗೆ ಮಾತ್ರ ತಿರುವು ಮುರುವು. ನಾವು ಮೊದಲು ಬೇಯಿಸಿ ಆಮೇಲೆ ಒತ್ತುತ್ತೇವೆ. ಅವರು ಮೊದಲು ಒತ್ತಿ ಆಮೇಲೆ ಬೇಯಿಸುತ್ತಾರೆ. ಹುರಿದ ಅಕ್ಕಿಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸುತ್ತಾರೆ. ಹಿಟ್ಟು ಮೆತ್ತಗಿರುತ್ತದೆ. ಚಕ್ಕುಲಿ ಒರಳಿನಂಥ ಸಣ್ಣ ಒರಳಿನಲ್ಲಿ ಒಬ್ಬರೇ ಒತ್ತಬಹುದು. ಇಡ್ಲಿ ತಟ್ಟೆಯ ಮೇಲೆ ಒಂದೊಂದು ಸುತ್ತು ಒತ್ತಿ ಹಬೆಗೆ ಇಡುತ್ತಾರೆ. ಹತ್ತು ನಿಮಿಷದಲ್ಲಿ ಬೇಯುತ್ತದೆ.

ಇದರ ಅನುಕೂಲ ಗಮನಿಸಿ. ಕಾಯುವುದು ಹಸಿ ಹಿಟ್ಟು, ಬೆಂದ ಎಳೆಯಲ್ಲ. ಗಿರಾಕಿ ಬಂದು ಕೂತ ಮೇಲೆ ತಟ್ಟೆಯನ್ನು ಹಬೆಗೆ ಇಟ್ಟರೆ ಸಾಕು. ಕಡಲೆ ಸಾರೋ ಮೊಟ್ಟೆ ಸಾರೋ ಬಿಸಿ ಮಾಡುವಷ್ಟರಲ್ಲಿ ಇಡಿಯಪ್ಪ ಸಿದ್ಧ. ಮೂರು ಜನದ ಕೆಲಸ ಒಬ್ಬರ ಕೆಲಸವಾಗುತ್ತದೆ. ರುಚಿಯಲ್ಲಿ ನಮ್ಮ ಶಾವಿಗೆಯೇ ಮೇಲು ಎಂದು ನಾನು ಹೇಳುತ್ತೇನೆ. ನೆನೆದ ಅಕ್ಕಿಯನ್ನು ರುಬ್ಬಿ ಮಾಡಿದ ಎಳೆಯ ನುಣುಪು ಹುರಿದ ಹಿಟ್ಟಿಗೆ ಬರುವುದಿಲ್ಲ. ಆದರೆ ಹೋಟೆಲಿನವರು ಕಲಿಯಬೇಕಾದ ಪಾಠ ಆ ಅಡಿಗೆಮನೆಗಳಲ್ಲಿದೆ. ಕೊನೆಯ ಬೇಯಿಸುವಿಕೆಯನ್ನು ಉಣ್ಣುವವರು ಬಂದ ಮೇಲೆ ಮಾಡಬೇಕು. ಜಪಾನು, ಚೀನಾದ ಒಳ್ಳೆಯ ನೂಡಲ್ಸ್ ಅಂಗಡಿಗಳಲ್ಲೂ ನಡೆಯುವುದು ಇದೇ. ಎಳೆಯನ್ನು ನೀರಿಗೆ ಹಾಕುವುದು ನೀವು ಹೇಳಿದ ಮೇಲೆ.

ನಮ್ಮ ಒತ್ತು ಶಾವಿಗೆಗೂ ಇದನ್ನು ಹೊಂದಿಸಬಹುದು. ಉಂಡೆ ಕಟ್ಟುವವರೆಗಿನ ಕೆಲಸವನ್ನು ಬೆಳಗ್ಗೆಯೇ ಮುಗಿಸಿ, ಉಂಡೆಗಳನ್ನು ಹಬೆಯಲ್ಲೇ ಬಿಸಿಯಾಗಿ ಇಟ್ಟುಕೊಂಡರೆ ಒಂದೆರಡು ಗಂಟೆ ತಡೆಯುತ್ತದೆ. ಗಿರಾಕಿ ಕೇಳಿದಾಗ ಒತ್ತಿದರಾಯಿತು. ಒತ್ತಲು ತೋಳಿನ ಬಲ ಬೇಕು ಎಂಬುದು ದೊಡ್ಡ ತೊಡಕಾಗಿತ್ತು. ಈಗ ತಿರುಪಿನ ಒರಳುಗಳಿವೆ, ಮೋಟಾರು ಹಾಕಿದವೂ ಬಂದಿವೆ. ದಿನವಿಡೀ ಕೊಡಲು ಹೋಗಬಾರದು. ಬೆಳಗ್ಗೆ ಏಳರಿಂದ ಒಂಬತ್ತು ಎಂದು ಬೋರ್ಡು ಬರೆದು ಹಾಕಿ, ಒಂಬತ್ತಕ್ಕೆ ನಿಲ್ಲಿಸಬೇಕು. ಸಿಗದವರು ನಾಳೆ ಬೇಗ ಬರುತ್ತಾರೆ. ಶೃಂಗೇರಿಯಲ್ಲಿ ರಾತ್ರಿ ತಂಗುವ ಯಾತ್ರಿಕರಿದ್ದಾರೆ. ಕೊಪ್ಪ, ಜಯಪುರ, ಹರಿಹರಪುರ, ಬಾಳೆಹೊನ್ನೂರಿನ ಸುತ್ತ ಹೋಂಸ್ಟೇಗಳಿವೆ. ಅಲ್ಲಿ ಯಾರೂ ಹತ್ತು ನಿಮಿಷದ ಬಸ್ಸಿಗೆ ಓಡಬೇಕಾಗಿಲ್ಲ. ಎಂಟು-ಹತ್ತು ಜನ ಅತಿಥಿಗಳು, ಎದುರಿಗೇ ಒರಳು. ಶಾವಿಗೆಗೆ ಬೇಕಾದ ಹೊತ್ತು, ಜನ ಎರಡೂ ಅಲ್ಲಿವೆ.

ಹೋಂಸ್ಟೇ ನಡೆಸುವ ಅಕ್ಕಂದಿರಿಗೆ ಒಂದು ಕೋರಿಕೆ. ಅತಿಥಿಗಳ ಮಕ್ಕಳಿಗೆ ಇಷ್ಟ ಎಂದು ಪೊಟ್ಟಣದ ನೂಡಲ್ಸ್ ತರಿಸಿಡುತ್ತೀರಿ. ಒಂದು ಬೆಳಗ್ಗೆ ಆ ಮಕ್ಕಳನ್ನು ಒರಳಿನ ಹತ್ತಿರ ಕರೆಯಿರಿ. ಹಿಡಿ ಒತ್ತಲು ಬಿಡಿ. ಎಲೆ ಹಿಡಿಯಲು ಬಿಡಿ. ತಾವೇ ಒತ್ತಿದ್ದನ್ನು ಕಾಯಿಹಾಲಿನ ಜೊತೆ ತಿನ್ನಲಿ. ಬೆಲೆ ಇಡುವಾಗಲೂ ಹಿಂಜರಿಯಬೇಡಿ. ಬೆಂಗಳೂರಿನಲ್ಲಿ ತಣ್ಣಗಿನ ಗಂಟಿಗೆ ಮುನ್ನೂರು, ನಾನ್ನೂರು ರೂಪಾಯಿ ಕೊಟ್ಟು ಬರುವವರು ನಿಮ್ಮ ಮೂರು ಜನದ ಬೆಳಗಿನ ದುಡಿಮೆಗೆ ನ್ಯಾಯವಾದ ಬೆಲೆ ಕೊಟ್ಟೇ ಕೊಡುತ್ತಾರೆ.

ಕೊನೆಗೆ ಮನೆಯಲ್ಲಿ ಒತ್ತುವವರಿಗೆ ಒಂದೆರಡು ಮಾತು. ಒತ್ತಿದ ಶಾವಿಗೆಯನ್ನು ಅಗಲವಾಗಿ ಹರಡಬೇಡಿ, ಬೇಗ ಆರುತ್ತದೆ. ಬಾಳೆ ಎಲೆಯ ಮೇಲೆ ಸುತ್ತುಗಳಾಗಿ ಇಟ್ಟು, ಮೇಲೆ ಇನ್ನೊಂದು ಎಲೆ ಮುಚ್ಚಿ. ಬಡಿಸುವುದು ತಡವಾದರೆ ಒದ್ದೆ ಬಟ್ಟೆಯನ್ನು ಹಿಂಡಿ ಮುಚ್ಚಿ. ಅಂದೇ ಮುಗಿಸುವುದಾದರೆ ಫ್ರಿಜ್‌ಗೆ ಇಡಬೇಡಿ. ಮಧ್ಯಾಹ್ನಕ್ಕೆ ಉಳಿದದ್ದನ್ನು ಬಿಸಿ ಮಾಡಿ ಮತ್ತೆ ಕಾಯಿಹಾಲು ಹಾಕಿದರೆ ಬೆಳಗಿನ ಹದ ಬರುವುದಿಲ್ಲ. ಅದನ್ನು ಕೈಯಲ್ಲಿ ಬಿಡಿಬಿಡಿಯಾಗಿ ಉದುರಿಸಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಹಾಕಿ. ಕಾಯಿತುರಿ, ನಿಂಬೆರಸ ಸೇರಿಸಿ. ಗಟ್ಟಿಯಾದ ಎಳೆ ಒಗ್ಗರಣೆಗೆ ಮುದ್ದೆಯಾಗುವುದಿಲ್ಲ, ಬಿಡಿಯಾಗಿ ನಿಲ್ಲುತ್ತದೆ. ಆದ್ದರಿಂದ ಒಗ್ಗರಣೆಗೆ ಎಂದು ಬೇರೆ ಒತ್ತುವ ಅಗತ್ಯವಿಲ್ಲ. ಅಕ್ಕಿ ನೆನೆಹಾಕುವಾಗಲೇ ಒಂದು ಪಾವು ಹೆಚ್ಚು ಹಾಕಿಕೊಂಡರೆ ಸಾಕು.